ಮನೆ ಕೊಡುತ್ತೇನೆಂದವರು ಮಾತು ತಪ್ಪಿದರೆ: ಸಿವಿಲ್ ಕೋರ್ಟೋ, ರೇರಾನೋ, ಗ್ರಾಹಕರ ಆಯೋಗವೋ?

ಅಡ್ವಾನ್ಸ್ ಕೊಟ್ಟಾಗಿದೆ. ಸೇಲ್ ಅಗ್ರಿಮೆಂಟ್‌ಗೆ ಸಹಿ ಬಿದ್ದಿದೆ. ಈಗ ಮನೆ ಮಾರುವವರು ಫೋನ್ ಎತ್ತುತ್ತಿಲ್ಲ. ಇಲ್ಲವೇ ಬಿಲ್ಡರ್ ಪ್ರತಿ ಹಬ್ಬಕ್ಕೂ ಒಂದು ಹೊಸ ತಾರೀಕು ಹೇಳುತ್ತಿದ್ದಾರೆ. ಇಂಥ ಹೊತ್ತಲ್ಲಿ ಸಲಹೆಗೆ ಬರವಿರುವುದಿಲ್ಲ. ಒಬ್ಬರು ಪೊಲೀಸ್ ಕಂಪ್ಲೇಂಟ್ ಕೊಡಿ ಅನ್ನುತ್ತಾರೆ. ಇನ್ನೊಬ್ಬರು ರೇರಾಗೆ, ಅಂದರೆ ಬಿಲ್ಡರುಗಳ ಮೇಲೆ ಕಣ್ಣಿಡುವ ರಿಯಲ್ ಎಸ್ಟೇಟ್ ಪ್ರಾಧಿಕಾರಕ್ಕೆ, ಹಾಕಿ ಅನ್ನುತ್ತಾರೆ. ಸಿವಿಲ್ ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬರುತ್ತದೆ ಎಂದು ಹೆದರಿಸುವವರೂ ಇದ್ದಾರೆ.

ಎಲ್ಲರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಆದರೆ ಯಾವುದು ನಿಮ್ಮ ಕೇಸಿಗೆ ಹೊಂದುತ್ತದೆ ಎನ್ನುವುದು ಬೇರೆಯೇ ಲೆಕ್ಕ. ಈ ಬರಹ ಕರ್ನಾಟಕದಲ್ಲಿ ಮನೆ, ಫ್ಲ್ಯಾಟ್ ಅಥವಾ ಸೈಟಿಗೆ ಕರಾರು ಮಾಡಿಕೊಂಡು ಸಿಕ್ಕಿಹಾಕಿಕೊಂಡವರಿಗೆ.

ಮೊದಲು ಎರಡು ಪ್ರಶ್ನೆ

ನಿಮಗೆ ಬೇಕಿರುವುದು ಆ ಮನೆಯೋ, ಕೊಟ್ಟ ದುಡ್ಡೋ? ಇದನ್ನು ಆದಷ್ಟು ಬೇಗ ತೀರ್ಮಾನಿಸಿ. ಮನೆಯೇ ಬೇಕು ಎನ್ನುವವರು ಬಾಕಿ ಹಣ ಹಿಡಿದುಕೊಂಡು ಸಿದ್ಧವಾಗಿದ್ದೇವೆ ಎಂದು ಮೊದಲ ದಿನದಿಂದಲೂ ತೋರಿಸಬೇಕಾಗುತ್ತದೆ. ಸಿಟ್ಟಿನಲ್ಲಿ ‘ನಿಮ್ಮ ಮನೆ ಬೇಡ, ನನ್ನ ದುಡ್ಡು ವಾಪಸ್ ಕೊಡಿ’ ಎಂದು ವಾಟ್ಸಾಪ್‌ನಲ್ಲಿ ಬರೆದು, ಆರು ತಿಂಗಳಾದ ಮೇಲೆ ಮನೆಗಾಗಿ ದಾವೆ ಹಾಕಿದರೆ ಎದುರು ವಕೀಲರು ಆ ಒಂದು ಮೆಸೇಜನ್ನೇ ಹಿಡಿದುಕೊಂಡು ಕೂರುತ್ತಾರೆ.

ಎರಡನೆಯ ಪ್ರಶ್ನೆ: ಮಾತು ತಪ್ಪಿದವರು ಯಾರು? ತಮ್ಮದೇ ಮನೆ ಮಾರಲು ಹೊರಟ ಖಾಸಗಿ ಮಾಲೀಕರೋ, ಅಥವಾ ಕಟ್ಟಿ ಮಾರುವ ಬಿಲ್ಡರ್ ಅಥವಾ ಲೇಔಟ್ ಮಾಡುವವರೋ? ಮಾಲೀಕರಾದರೆ ರೇರಾದ ಬಾಗಿಲು ಇಲ್ಲ. ಗ್ರಾಹಕರ ಆಯೋಗವೂ ಸಾಮಾನ್ಯವಾಗಿ ಇಲ್ಲ. ಬರೀ ಒಂದು ಸೈಟಿನ ಮಾರಾಟ ‘ಸೇವೆ’ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅಲ್ಲಿಗೆ ಉಳಿಯುವುದು ಸಿವಿಲ್ ಕೋರ್ಟ್. ಬಿಲ್ಡರ್ ಆದರೆ ಸಾಮಾನ್ಯವಾಗಿ ರೇರಾ, ಗ್ರಾಹಕರ ಆಯೋಗ ಎರಡರ ಬಾಗಿಲೂ ತೆರೆದಿರುತ್ತವೆ. ಆಗ ಯಾವುದರೊಳಗೆ ಹೋಗುವುದು ಎನ್ನುವುದೇ ತಲೆನೋವು.

ಮಾಲೀಕರು ತಪ್ಪಿದಾಗ: ಮನೆಯೇ ಬೇಕು ಎಂದರೆ

ನಮ್ಮಲ್ಲಿ ತುಂಬಾ ಜನ ಅಗ್ರಿಮೆಂಟ್ ಆದ ಕೂಡಲೇ ಮನೆ ತಮ್ಮದಾಯಿತು ಎಂದುಕೊಳ್ಳುತ್ತಾರೆ. ಹಾಗಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಕ್ರಯದ ಕರಾರಿನಿಂದ ಆಸ್ತಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ. ಮುಂದೆ ಕ್ರಯಪತ್ರ ಮಾಡಿಸಿಕೊಡಿ ಎಂದು ಕೇಳುವ ಹಕ್ಕಷ್ಟೇ ಸಿಗುತ್ತದೆ. ಆ ಹಕ್ಕನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವುದಕ್ಕೆ ‘ಸ್ಪೆಸಿಫಿಕ್ ಪರ್ಫಾರ್ಮೆನ್ಸ್’ ದಾವೆ ಎನ್ನುತ್ತಾರೆ. ಗೆದ್ದಮೇಲೂ ಮಾಲೀಕರು ಬಂದು ಸಹಿ ಹಾಕದಿದ್ದರೆ ಕೋರ್ಟೇ ಅವರ ಪರವಾಗಿ ಕ್ರಯಪತ್ರ ಮಾಡಿಸಿಕೊಡುತ್ತದೆ.

ಇದಕ್ಕೆ ಆಧಾರ 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆ. ಹಿಂದೆ ಇಂಥ ಡಿಕ್ರಿ, ಅಂದರೆ ತೀರ್ಪಿನ ಆದೇಶ, ಕೊಡುವುದು ಬಿಡುವುದು ಬಹುಮಟ್ಟಿಗೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತ್ತು. ‘ಬೆಲೆ ತುಂಬಾ ಏರಿದೆ, ಮಾಲೀಕರಿಗೆ ಅನ್ಯಾಯವಾಗುತ್ತದೆ’ ಎಂದು ಹೇಳಿ ಬರೀ ಹಣ ವಾಪಸ್ ಕೊಡಿಸಿದ ತೀರ್ಪುಗಳು ಬೇಕಾದಷ್ಟಿವೆ. 2018ರ ತಿದ್ದುಪಡಿ ಇದನ್ನು ಬದಲಿಸಿತು. ಅದು ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಈಗ ಷರತ್ತುಗಳು ಪೂರೈಸಿದ್ದರೆ ಕೋರ್ಟ್ ಕರಾರನ್ನು ಜಾರಿ ಮಾಡಿಸಲೇಬೇಕು. ಸಮನ್ಸ್ ತಲುಪಿದ 12 ತಿಂಗಳೊಳಗೆ ಕೇಸ್ ಮುಗಿಸಬೇಕು, ಹೆಚ್ಚೆಂದರೆ ಇನ್ನು 6 ತಿಂಗಳು ಎಂದೂ ಕಾಯ್ದೆಯಲ್ಲಿ ಬರೆದಿದೆ. ಬರೆದಿರುವುದು ಒಂದು, ನಮ್ಮ ಸಿವಿಲ್ ಕೋರ್ಟುಗಳಲ್ಲಿ ಆಗುವುದು ಇನ್ನೊಂದು. ಅಪೀಲುಗಳೂ ಸೇರಿದರೆ ವರ್ಷಗಳ ಲೆಕ್ಕವನ್ನೇ ಇಟ್ಟುಕೊಳ್ಳಿ.

ಷರತ್ತುಗಳಲ್ಲಿ ದೊಡ್ಡದು 16ನೇ ಸೆಕ್ಷನ್. ಕೊಳ್ಳುವವರು ಕರಾರಿನ ದಿನದಿಂದ ಕೊನೆಯವರೆಗೂ ತಮ್ಮ ಪಾಲಿನ ಕೆಲಸ ಮಾಡಲು ‘ಸಿದ್ಧರಿದ್ದರು, ಮನಸ್ಸೂ ಇತ್ತು’ ಎಂದು ಸಾಬೀತು ಮಾಡಬೇಕು. ಮನಸ್ಸಿತ್ತು ಎಂದು ಯಾರು ಬೇಕಾದರೂ ಹೇಳಬಹುದು. ಸಿದ್ಧತೆ ಎಂದರೆ ದುಡ್ಡು. ನೋಟಿನ ಕಟ್ಟು ತಂದು ಕೋರ್ಟಿನ ಮೇಜಿನ ಮೇಲೆ ಇಡಬೇಕಿಲ್ಲ. ಆದರೆ ಬಾಕಿ ಮೊತ್ತ ಎಲ್ಲಿಂದ ಬರುತ್ತಿತ್ತು ಎನ್ನುವುದಕ್ಕೆ ಕಾಗದ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಗೃಹಸಾಲದ ಮಂಜೂರಾತಿ ಪತ್ರ, ಎಫ್‌ಡಿ, ಮಾರಿದ ಹಳೆ ಸೈಟಿನ ಹಣ, ಇಂಥದ್ದು. ನನಗೆ ಕಂಡಂತೆ ಕೊಳ್ಳುವವರು ಸೋಲುವುದು ಹೆಚ್ಚಾಗಿ ಇಲ್ಲೇ. ಬಾಕಿ 60 ಲಕ್ಷ ಕೊಡಬೇಕಿತ್ತು, ಖಾತೆಯಲ್ಲಿದ್ದದ್ದು 2 ಲಕ್ಷ, ಸಾಲಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ ಎಂದಾದರೆ ಮಾಲೀಕರು ಎಷ್ಟೇ ಮೋಸ ಮಾಡಿದ್ದರೂ ಕೇಸ್ ಕಷ್ಟ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಬೆಂಗಳೂರಿನ ಕೇಸು ಈ ದಾರಿ ಹಿಡಿಯುವವರೆಲ್ಲ ತಿಳಿದಿರಬೇಕಾದ್ದು. 2007ರಲ್ಲಿ 55.5 ಲಕ್ಷಕ್ಕೆ ಕರಾರು ಆಗಿತ್ತು. ಅಡ್ವಾನ್ಸ್ 20 ಲಕ್ಷ. ವ್ಯವಹಾರ ಮುಗಿಸಲು 4 ತಿಂಗಳು. ಅದು ಮುಗಿಯಲಿಲ್ಲ. ಕೊಳ್ಳುವವರು ಕ್ರಯಪತ್ರಕ್ಕಾಗಿ ದಾವೆ ಹಾಕಿದರು. ಅವರು ಸಿದ್ಧರಿದ್ದರು ಎನ್ನುವುದು ಸಾಬೀತಾಗಲಿಲ್ಲ. ಅಲ್ಲಿಗೆ ಮನೆ ಹೋಯಿತು. ಸರಿ, 20 ಲಕ್ಷವಾದರೂ ವಾಪಸ್ ಬರಬೇಕಲ್ವಾ? ಬರಲಿಲ್ಲ. ಕೊಳ್ಳುವವರು ತಪ್ಪಿದರೆ ಅಡ್ವಾನ್ಸ್ ಮುಟ್ಟುಗೋಲು ಎಂದು ಕರಾರಿನಲ್ಲಿತ್ತು. ಅದಕ್ಕಿಂತ ಮುಖ್ಯವಾಗಿ, ‘ಮನೆ ಕೊಡಿಸಲು ಆಗದಿದ್ದರೆ ಹಣವನ್ನಾದರೂ ಕೊಡಿಸಿ’ ಎಂದು ಅವರು ದಾವೆಯಲ್ಲಿ ಕೇಳಿಯೇ ಇರಲಿಲ್ಲ. 22ನೇ ಸೆಕ್ಷನ್ ಪ್ರಕಾರ ಅದನ್ನು ಬಾಯಿಬಿಟ್ಟು ಕೇಳಬೇಕು. ಮರೆತಿದ್ದರೆ ತಿದ್ದುಪಡಿ ಮಾಡಿಸಿಕೊಳ್ಳಲು ಅವಕಾಶವಿದೆ. ಅವರು ಅದನ್ನೂ ಮಾಡಿರಲಿಲ್ಲ. ಹದಿನೇಳು ವರ್ಷ ದಾಟಿದ ಮೇಲೆ ಎರಡೂ ಕೈಬಿಟ್ಟಿತು.

ಹಾಗಾಗಿ ನಿಮ್ಮ ವಕೀಲರು ಬರೆದ ದಾವೆಯ ಕೊನೆಯ ಪುಟವನ್ನು, ಅಂದರೆ ಏನೇನು ಕೊಡಿಸಿ ಎಂದು ಕೇಳಿರುವ ಭಾಗವನ್ನು, ನೀವೇ ಕೂತು ಓದಿ. ಕ್ರಯಪತ್ರ, ಸ್ವಾಧೀನ, ಅದಾಗದಿದ್ದರೆ ಬಡ್ಡಿ ಸಮೇತ ಅಡ್ವಾನ್ಸ್, ಜೊತೆಗೆ ನಷ್ಟ ಪರಿಹಾರ. ಎಲ್ಲವೂ ಇರಬೇಕು. ಮಾಲೀಕರು ಈಗಾಗಲೇ ನೋಟಿಸ್ ಕೊಟ್ಟು ಕರಾರು ರದ್ದು ಮಾಡಿದ್ದರೆ, ಆ ರದ್ದತಿ ಸರಿಯಲ್ಲ ಎಂದು ಘೋಷಿಸಿ ಎಂದೂ ಕೇಳಬೇಕು. ಇದನ್ನು ಕೇಳದ ಕಾರಣಕ್ಕೇ ದಾವೆ ಬಿದ್ದುಹೋದ ಉದಾಹರಣೆ 2013ರಲ್ಲಿ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದ ಕೇಸಿನಲ್ಲಿದೆ. ಆಮೇಲಿನ ತೀರ್ಪುಗಳು ಕೆಲವು ವಿನಾಯಿತಿ ಹೇಳಿವೆ. ಆದರೂ ಒಂದು ಸಾಲು ಜಾಸ್ತಿ ಬರೆಸುವುದರಲ್ಲಿ ಏನು ನಷ್ಟ?

ಇನ್ನು ಗಡುವು. ಕರಾರಿನಲ್ಲಿ ಕ್ರಯಪತ್ರಕ್ಕೆ ತಾರೀಕು ಹೇಳಿದ್ದರೆ ಆ ದಿನದಿಂದ 3 ವರ್ಷ. ತಾರೀಕು ಇಲ್ಲದಿದ್ದರೆ, ಮಾಲೀಕರು ಕೊಡುವುದಿಲ್ಲ ಎಂದದ್ದು ನಿಮಗೆ ಗೊತ್ತಾದ ದಿನದಿಂದ 3 ವರ್ಷ. ಆದರೆ 3 ವರ್ಷ ಇದೆಯಲ್ಲ ಎಂದು ಸುಮ್ನೆ ಕೂತರೆ ಆ ಮೌನವನ್ನೇ ನಿಮ್ಮ ಮನಸ್ಸಿಲ್ಲದಿರುವಿಕೆಗೆ ಸಾಕ್ಷಿ ಮಾಡುತ್ತಾರೆ.

ಖರ್ಚೂ ಕಡಿಮೆಯಲ್ಲ. ಕರ್ನಾಟಕದಲ್ಲಿ ಈ ದಾವೆಗೆ ಕೋರ್ಟ್ ಫೀ ಲೆಕ್ಕ ಹಾಕುವುದು ಕೊಟ್ಟ ಅಡ್ವಾನ್ಸಿನ ಮೇಲಲ್ಲ, ಮನೆಯ ಪೂರ್ತಿ ಬೆಲೆಯ ಮೇಲೆ. ಒಂದು ಕೋಟಿಯ ಮನೆಗೆ ಫೀ ಮಾತ್ರವೇ ಲಕ್ಷ ದಾಟುತ್ತದೆ. ವಕೀಲರ ಖರ್ಚು ಬೇರೆ.

ಕರಾರು ರಿಜಿಸ್ಟರ್ ಆಗಿದೆಯೋ ಇಲ್ಲವೋ

ದಾರಿ ಆರಿಸುವಾಗ ಈ ಪ್ರಶ್ನೆಗೆ ತೂಕ ಜಾಸ್ತಿ. ಸ್ವಾಧೀನ ಕೊಡದೆ ಮಾಡಿಕೊಂಡ ಕರಾರು ರಿಜಿಸ್ಟರ್ ಆಗಿಲ್ಲದಿದ್ದರೂ ಕ್ರಯಪತ್ರ ಕೇಳುವ ದಾವೆಯಲ್ಲಿ ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳುತ್ತಾರೆ. ಹಾಗಾಗಿ ರಿಜಿಸ್ಟರ್ ಮಾಡಿಸಿಲ್ಲ, ಎಲ್ಲ ಮುಗೀತು ಎಂದು ಕೈಚೆಲ್ಲಬೇಡಿ. ತೊಂದರೆ ಇನ್ನೊಂದು ಕಡೆ ಇದೆ. ಛಾಪಾ ಶುಲ್ಕ ಸಾಲದಿದ್ದರೆ ಕೋರ್ಟು ಆ ಕಾಗದವನ್ನು ತಡೆಹಿಡಿಯುತ್ತದೆ. ಕರ್ನಾಟಕ ಸ್ಟ್ಯಾಂಪ್ ಕಾಯ್ದೆಯಲ್ಲಿ ಕೊರತೆ ಬಿದ್ದ ಮೊತ್ತದ ಜೊತೆಗೆ ಅದರ 10 ಪಟ್ಟು ದಂಡದ ಮಾತಿದೆ. ಮನೆಯ ಸ್ವಾಧೀನವನ್ನೂ ಕೊಟ್ಟಿದ್ದರೆ ಕರಾರಿಗೆ ಕ್ರಯಪತ್ರದಷ್ಟೇ ಶುಲ್ಕ ಬೀಳುತ್ತದೆ. 200 ರೂಪಾಯಿಯ ಛಾಪಾ ಕಾಗದದಲ್ಲಿ ಕರಾರು ಮಾಡಿ ಬೀಗದ ಕೈಯನ್ನೂ ಇಸಿದುಕೊಂಡವರಿಗೆ ಇದು ದೊಡ್ಡ ಹೊಡೆತ.

ಇನ್ನೊಂದು ತೊಂದರೆ, ಮಾಲೀಕರು ಮನೆಯನ್ನು ಮೂರನೆಯವರಿಗೆ ಮಾರಿಬಿಡುವುದು. ನಿಮ್ಮ ಕರಾರಿನ ಸುದ್ದಿಯೇ ಗೊತ್ತಿಲ್ಲದೆ, ಪೂರ್ತಿ ಹಣ ಕೊಟ್ಟು, ಪ್ರಾಮಾಣಿಕವಾಗಿ ಕೊಂಡವರ ಮೇಲೆ ನಿಮ್ಮ ಹಕ್ಕು ನಡೆಯುವುದಿಲ್ಲ. ಕರಾರು ರಿಜಿಸ್ಟರ್ ಆಗಿದ್ದರೆ ಅದು ಇಸಿಯಲ್ಲಿ, ಅಂದರೆ ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ, ಕಾಣುತ್ತದೆ. ಆಗ ನಂತರ ಕೊಂಡವರು ‘ನನಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ. ರಿಜಿಸ್ಟರ್ ಆಗಿರದಿದ್ದರೆ ಬೇಗ ದಾವೆ ಹಾಕಿ, ಅದರ ಜೊತೆಗೇ ಮಾರಾಟಕ್ಕೆ ತಡೆಯಾಜ್ಞೆ ಕೇಳುವುದೇ ದಾರಿ. ದಾವೆ ನಡೆಯುತ್ತಿರುವಾಗ ಯಾರಾದರೂ ಕೊಂಡರೆ ಅವರೂ ಆ ತೀರ್ಪಿಗೆ ಬದ್ಧರಾಗಬೇಕಾಗುತ್ತದೆ. ಪೇಪರಿನಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದು ಪುಟ್ಟ ಖರ್ಚು, ಅದೂ ಸ್ವಲ್ಪ ಕೆಲಸ ಮಾಡುತ್ತದೆ.

ಮಾಲೀಕರಿಂದ ಹಣ ಸಾಕು ಎಂದರೆ

ಬೆಲೆ ಏನೂ ಏರಿಲ್ಲ, ಬೇರೆ ಮನೆ ಸಿಗುತ್ತದೆ ಎಂದಾದರೆ ಹಣ ಕೇಳುವುದೇ ಜಾಣತನ. ಕೋರ್ಟ್ ಫೀ ನೀವು ಕೇಳುವ ಮೊತ್ತದ ಮೇಲಷ್ಟೇ. ಬಾಕಿ ಹಣದ ಸಿದ್ಧತೆ ತೋರಿಸುವ ಭಾರವೂ ಹಗುರವಾಗುತ್ತದೆ. ಮಾಲೀಕರು ತಪ್ಪಿದ್ದರೆ ನೀವು ಕೊಟ್ಟ ಹಣಕ್ಕೆ ಆ ಆಸ್ತಿಯ ಮೇಲೆಯೇ ಒಂದು ಹೊಣೆ ನಿಲ್ಲುತ್ತದೆ ಎನ್ನುವುದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನಿನಲ್ಲಿದೆ. ಇದನ್ನು ದಾವೆಯಲ್ಲಿ ಕೇಳಿಸಿಕೊಳ್ಳಿ. ಮಾಲೀಕರ ಕೈಯಲ್ಲಿ ನಗದು ಇಲ್ಲದಿದ್ದಾಗ ಬರೀ ಹಣದ ಡಿಕ್ರಿಗಿಂತ ಇದರ ಬೆಲೆ ಜಾಸ್ತಿ.

‘ತಪ್ಪಿದರೆ ಅಡ್ವಾನ್ಸಿನ ಎರಡರಷ್ಟು ಕೊಡಬೇಕು’ ಎಂದು ಕರಾರಿನಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಲೆಕ್ಕ ಹಾಕಬೇಡಿ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಒಂದು ಮಿತಿ ಮಾತ್ರ. ಅದರೊಳಗೆ ನ್ಯಾಯವೆನಿಸಿದ್ದನ್ನು ಕೋರ್ಟು ಕೊಡಿಸುತ್ತದೆ.

ಆಸ್ತಿ ಪಿತ್ರಾರ್ಜಿತವಾಗಿದ್ದು, ಮಾಲೀಕರ ಅಕ್ಕತಂಗಿಯರು ಪಾಲು ಕೇಳಿ ದಾವೆ ಹೂಡಿದ್ದಾರೆ ಎಂದಾದರೆ ನನ್ನ ಮತ ಹಣದ ಕಡೆಗೇ. ಆ ಜಗಳ ತೀರುವವರೆಗೆ ನಿಮಗೆ ಪೂರ್ತಿ ಮನೆ ಸಿಗುವುದು ಕಷ್ಟ. ಅದೇ, ಇ-ಖಾತಾ ಆಗಿಲ್ಲ ಎಂಬ ಕಾರಣಕ್ಕೆ ನೋಂದಣಿ ನಿಂತಿದ್ದರೆ ಆತುರ ಬೇಡ. ಅದು ಹೆಚ್ಚಾಗಿ ಮಾತು ತಪ್ಪುವುದಲ್ಲ, ತಡ ಮಾತ್ರ. ಸ್ಥಿರಾಸ್ತಿಯ ಕರಾರಿನಲ್ಲಿ ಬರೆದ ತಾರೀಕು ಒಂದು ದಿನ ದಾಟಿದ ಮಾತ್ರಕ್ಕೆ ಕರಾರು ಮುರಿದಂತಲ್ಲ ಎನ್ನುವುದು ಕೋರ್ಟುಗಳ ಹಳೆಯ ನಿಲುವು. ಗಡುವನ್ನು ಇಬ್ಬರೂ ಸಹಿ ಹಾಕಿದ ಪೂರಕ ಕರಾರಿನಲ್ಲಿ ಮುಂದಕ್ಕೆ ಹಾಕಿಸಿಕೊಳ್ಳಿ.

ಬಿಲ್ಡರ್ ತಪ್ಪಿದಾಗ: ರೇರಾ

2016ರ ರೇರಾ ಕಾಯ್ದೆ ಪೂರ್ತಿಯಾಗಿ ಜಾರಿಗೆ ಬಂದದ್ದು 2017ರ ಮೇ 1ರಂದು. ಕರ್ನಾಟಕದ ನಿಯಮಗಳು ಅದೇ ಜುಲೈನಲ್ಲಿ ಬಂದವು. ಇದರ ಜೀವಾಳ 18ನೇ ಸೆಕ್ಷನ್. ಒಪ್ಪಿದ ದಿನಕ್ಕೆ ಮನೆ ಕೊಡದಿದ್ದರೆ ನಿಮಗೆ ಎರಡು ಆಯ್ಕೆ. ಯೋಜನೆಯಿಂದ ಹೊರಬಂದು ಕೊಟ್ಟ ಹಣವನ್ನು ಬಡ್ಡಿ ಸಮೇತ ಕೇಳಬಹುದು. ಇಲ್ಲವೇ ಅಲ್ಲೇ ಉಳಿದು, ಸ್ವಾಧೀನ ಕೊಡುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಕೇಳಬಹುದು. ಕರ್ನಾಟಕದಲ್ಲಿ ಬಡ್ಡಿ ದರ ಎಸ್‌ಬಿಐ ಎಂಸಿಎಲ್‌ಆರ್ (ಸಾಲಗಳಿಗೆ ಆ ಬ್ಯಾಂಕ್ ಇಟ್ಟಿರುವ ಮೂಲ ಬಡ್ಡಿ ದರ) ಮೇಲೆ ಶೇ 2. ಹೊರಬರುವವರ ಈ ಹಕ್ಕಿಗೆ ಯಾವ ಷರತ್ತೂ ಇಲ್ಲ, ತಡಕ್ಕೆ ಬಿಲ್ಡರ್ ಏನೇ ಕಾರಣ ಹೇಳಿದರೂ ನಡೆಯದು ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಕೇಸಿನಲ್ಲಿ ಹೇಳಿತು. ‘ಮರಳು ಸಿಗಲಿಲ್ಲ, ಕೆಲಸಗಾರರು ಊರಿಗೆ ಹೋದರು’ ಎಂಬ ಪುರಾಣಕ್ಕೆ ಅಲ್ಲಿಗೆ ತೆರೆ.

ತಡ ಒಂದೇ ಅಲ್ಲ. ಸುಳ್ಳು ಜಾಹೀರಾತು ಮತ್ತು ಒಪ್ಪಿಗೆಯಿಲ್ಲದೆ ನಕ್ಷೆ ಬದಲಿಸುವುದೂ ಇದರಡಿ ಬರುತ್ತವೆ. ಸ್ವಾಧೀನದ ನಂತರ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ರಿಜಿಸ್ಟರ್ಡ್ ಕರಾರಿಲ್ಲದೆ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡಿದ್ದರೆ ಅದೇ ನಿಮ್ಮ ದೂರಿನ ಒಂದು ಅಂಶ.

ದೂರನ್ನು ಕರ್ನಾಟಕ ರೇರಾದ ಜಾಲತಾಣದಲ್ಲೇ ಸಲ್ಲಿಸಬಹುದು. ಹಣ ವಾಪಸ್ ಮತ್ತು ಬಡ್ಡಿಯನ್ನು ಪ್ರಾಧಿಕಾರವೇ ತೀರ್ಮಾನಿಸುತ್ತದೆ. ಅದರ ಮೇಲೆ ನಷ್ಟ ಪರಿಹಾರ ಬೇಕೆಂದರೆ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಬೇರೆ ಅರ್ಜಿ. ಎರಡನ್ನೂ ಒಂದರಲ್ಲೇ ತುರುಕಿ ತಿಂಗಳುಗಟ್ಟಲೆ ಕಳೆದುಕೊಂಡವರಿದ್ದಾರೆ.

ರೇರಾದ ದೊಡ್ಡ ಬಲ, ಬಿಲ್ಡರ್ ಅಪೀಲು ಹೋಗುವ ಮೊದಲು ನಿಮಗೆ ಕೊಡಬೇಕಾದ ಪೂರ್ತಿ ಮೊತ್ತವನ್ನು ಬಡ್ಡಿ ಸಮೇತ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ಇಡಬೇಕು. ದೊಡ್ಡ ಬಲಹೀನತೆ ವಸೂಲಿ. ಆದೇಶವಾದ ಮೇಲೂ ಹಣ ಕೊಡದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬೇಕು. ಅಂದರೆ ಪ್ರಾಧಿಕಾರ ವಸೂಲಿ ಪ್ರಮಾಣಪತ್ರ ಕೊಡುತ್ತದೆ, ಅದು ಜಿಲ್ಲಾಧಿಕಾರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ. ಆ ಕಡತದ ಹಿಂದೆ ನೀವೇ ಓಡಾಡಬೇಕು. ಆದೇಶ ಕೈಗೆ ಬಂದ ದಿನ ಸಿಹಿ ಹಂಚಬೇಡಿ ಎನ್ನುವುದು ಅದಕ್ಕೇ.

ಎಲ್ಲ ಕಟ್ಟಡವೂ ರೇರಾಗೆ ಬರುವುದಿಲ್ಲ. 500 ಚದರ ಮೀಟರ್ ಮೀರದ ಜಾಗಕ್ಕೆ, ಅಥವಾ 8 ಫ್ಲ್ಯಾಟ್ ಮೀರದ ಯೋಜನೆಗೆ ನೋಂದಣಿ ಬೇಕಿಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿ ಎರಡು ಸೈಟ್ ಸೇರಿಸಿ ಕಟ್ಟುವ ಅಪಾರ್ಟ್‌ಮೆಂಟುಗಳು ಹೆಚ್ಚಾಗಿ ಇಂಥವೇ. ಅಲ್ಲಿ ಫ್ಲ್ಯಾಟ್ ಕೊಂಡವರಿಗೆ ಮುಂದೆ ಹೇಳುವ ಗ್ರಾಹಕರ ಆಯೋಗದ ದಾರಿ.

ಅದೇ ಬಿಲ್ಡರ್ ವಿರುದ್ಧ ಗ್ರಾಹಕರ ಆಯೋಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದು ಸೇವೆ. ಲೇಔಟ್ ಅಭಿವೃದ್ಧಿ ಮಾಡಿ ಸೈಟ್ ಕೊಡುವುದೂ ಸೇವೆಯೇ. ರೇರಾ ಇದೆ ಎಂದ ಮಾತ್ರಕ್ಕೆ ಈ ಬಾಗಿಲು ಮುಚ್ಚುವುದಿಲ್ಲ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಕೇಸಿನಲ್ಲಿ ಹೇಳಿದೆ. ಕರಾರಿನಲ್ಲಿ ಪಂಚಾಯ್ತಿಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗಬೇಕು ಎಂದು ಬರೆದಿದ್ದರೂ ಆಯೋಗಕ್ಕೆ ಬರಬಹುದು. ಒಂದೇ ಪರಿಹಾರಕ್ಕೆ ಎರಡೂ ಕಡೆ ಅರ್ಜಿ ಹಾಕುವುದು ಮಾತ್ರ ಬೇಡ.

ಯಾವ ಆಯೋಗ ಎನ್ನುವುದು ನೀವು ಕೊಟ್ಟಿರುವ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 2 ಕೋಟಿಯವರೆಗೆ ರಾಜ್ಯ ಆಯೋಗ, ಅದರ ಮೇಲೆ ದೆಹಲಿಯ ರಾಷ್ಟ್ರೀಯ ಆಯೋಗ. 80 ಲಕ್ಷದ ಫ್ಲ್ಯಾಟಿಗೆ ಇಲ್ಲಿಯವರೆಗೆ 45 ಲಕ್ಷ ಕೊಟ್ಟಿದ್ದರೆ ಜಿಲ್ಲಾ ಆಯೋಗ ಸಾಕು. ಶುಲ್ಕ ಆ ಹಂತದಲ್ಲಿ ಸಾವಿರ ರೂಪಾಯಿ. ಸಿವಿಲ್ ಕೋರ್ಟಿನ ಫೀ ನೋಡಿದವರಿಗೆ ಇದು ನಗು ತರಿಸುತ್ತದೆ. ನೀವು ವಾಸವಿರುವ ಊರಿನಲ್ಲೇ ದೂರು ಕೊಡಬಹುದು. ಬೆಂಗಳೂರಲ್ಲಿ ಫ್ಲ್ಯಾಟ್ ಬುಕ್ ಮಾಡಿದ ಶಿವಮೊಗ್ಗದವರು ಶಿವಮೊಗ್ಗದಲ್ಲೇ ಕೇಸ್ ನಡೆಸಬಹುದು. ಗಡುವು 2 ವರ್ಷ ಮಾತ್ರ, ನೆನಪಿರಲಿ.

ಈ ದಾರಿ ಎಲ್ಲಿ ರೇರಾಗಿಂತ ಮೇಲು? ಬಡ್ಡಿಯ ಜೊತೆಗೆ ಮಾನಸಿಕ ಕಿರುಕುಳ, ಬಾಡಿಗೆ ನಷ್ಟ, ಖರ್ಚು ಎಲ್ಲವನ್ನೂ ಒಂದೇ ದೂರಿನಲ್ಲಿ ಕೇಳಬಹುದು. ಆದೇಶ ಪಾಲಿಸದವರಿಗೆ ಜೈಲಾಗುವ ಸಾಧ್ಯತೆ ಇದೆ, ಒಂದು ತಿಂಗಳಿಂದ 3 ವರ್ಷದವರೆಗೆ. ತಹಶೀಲ್ದಾರ್ ಕಚೇರಿಯ ಕಡತಕ್ಕಿಂತ ಈ ಭಯಕ್ಕೆ ಬಿಲ್ಡರುಗಳು ಬೇಗ ಬಗ್ಗುತ್ತಾರೆ ಎಂದು ನನಗೆ ಅನಿಸುತ್ತದೆ. ಅಪೀಲಿಗೆ ಮಾತ್ರ ಅವರು ಅರ್ಧ ಮೊತ್ತ ಇಟ್ಟರೆ ಸಾಕು.

ಬೆಂಗಳೂರಿನ ಬೇಗೂರಿನ ಡಿಎಲ್ಎಫ್ ಯೋಜನೆಯ ಕೇಸು ಇಲ್ಲಿ ಓದಲು ಯೋಗ್ಯ. 339 ಜನ ಫ್ಲ್ಯಾಟ್ ಕೊಂಡವರು ರಾಷ್ಟ್ರೀಯ ಆಯೋಗದಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. ಕರಾರಿನಲ್ಲಿ ತಡಕ್ಕೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಎಂದಿತ್ತು. 2020ರ ಆಗಸ್ಟ್‌ನಲ್ಲಿ ಕೋರ್ಟು ಅದರ ಮೇಲೆ ಹೆಚ್ಚುವರಿಯಾಗಿ ವರ್ಷಕ್ಕೆ ಶೇ 6 ಸರಳ ಬಡ್ಡಿ ಕೊಡಿಸಿತು. ಸ್ವಾಧೀನ ತೆಗೆದುಕೊಂಡು ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ತಡದ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದೂ ಹೇಳಿತು. ಕೀ ಕೊಡುವಾಗ ‘ಇನ್ನು ಯಾವ ಬೇಡಿಕೆಯೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರಲ್ಲ, ಅಲ್ಲಿ ಎಚ್ಚರ. ಬಿಲ್ಡರ್ ಜೊತೆ ರಾಜಿ ಮಾಡಿಕೊಂಡಿದ್ದವರನ್ನು ಆ ತೀರ್ಪು ಹೊರಗಿಟ್ಟಿತು.

ಮನೆ ವಾಸಕ್ಕಲ್ಲ, ಮಾರಿ ಲಾಭ ಮಾಡಲು ನಾಲ್ಕು ಫ್ಲ್ಯಾಟ್ ಬುಕ್ ಮಾಡಿದ್ದರೆ ನೀವು ‘ಗ್ರಾಹಕ’ ಅಲ್ಲ ಎಂಬ ವಾದ ಬರುತ್ತದೆ. ರೇರಾದಲ್ಲಿ ಆ ಕಿರಿಕಿರಿ ಇಲ್ಲ. ಹೊರದೇಶದಲ್ಲಿರುವ ಕನ್ನಡಿಗರಿಗೂ ನಾನು ರೇರಾವನ್ನೇ ಹೇಳುತ್ತೇನೆ. ಅಲ್ಲಿ ಸಾಕ್ಷಿ, ಪಾಟೀ ಸವಾಲಿನ ಗೋಜು ಕಡಿಮೆ. ಇಲ್ಲಿರುವ ಅಪ್ಪನಿಗೋ ಅಣ್ಣನಿಗೋ ಸರಿಯಾದ ಪವರ್ ಆಫ್ ಅಟಾರ್ನಿ ಕಳಿಸಿದರೆ ಸಾಕು.

ಬಿಲ್ಡರ್ ಮುಳುಗಿಯೇ ಹೋಗಿದ್ದರೆ ದಿವಾಳಿ ಕಾನೂನಿನಡಿ ಕಂಪನಿಗಳ ಕೇಸು ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಇದೆ. 2018ರಿಂದ ಮನೆ ಕೊಂಡವರಿಗೂ ಬಿಲ್ಡರಿಗೆ ಸಾಲ ಕೊಟ್ಟವರ (ಫೈನಾನ್ಷಿಯಲ್ ಕ್ರೆಡಿಟರ್) ಸ್ಥಾನ ಸಿಕ್ಕಿದೆ. 2020ರಿಂದ ಒಬ್ಬರೇ ಹೋಗುವಂತಿಲ್ಲ. ಅದೇ ಯೋಜನೆಯ 100 ಜನ ಅಥವಾ ಶೇ 10ರಷ್ಟು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಸೇರಬೇಕು. ಬಾಕಿ ಕನಿಷ್ಠ ಒಂದು ಕೋಟಿ ಇರಬೇಕು. ಇದು ಹಣ ವಸೂಲಿಯ ದಾರಿ ಅಲ್ಲ, ನಿಂತ ಕಟ್ಟಡವನ್ನು ಬೇರೆಯವರಿಂದ ಮುಗಿಸಿಕೊಳ್ಳುವ ದಾರಿ. ಬೇರೆಯವರು ಯಾರೋ ಹೋಗಿ ಪ್ರಕ್ರಿಯೆ ಶುರುವಾದರೂ ನಿಮ್ಮ ರೇರಾ ವಸೂಲಿ, ಗ್ರಾಹಕ ಕೇಸು ಎಲ್ಲ ನಿಂತುಬಿಡುತ್ತವೆ. ಆಗ ಗಡುವಿನೊಳಗೆ ನಿಮ್ಮ ಕ್ಲೇಮ್ ಸಲ್ಲಿಸುವುದೊಂದೇ ಕೆಲಸ.

ಪೊಲೀಸರ ಹತ್ತಿರ ಹೋದರೆ?

ಮಾತು ತಪ್ಪಿದ್ದೆಲ್ಲ ಮೋಸವಲ್ಲ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್, ಅಂದರೆ ಹಿಂದಿನ 420, ಬೀಳಬೇಕಾದರೆ ಕರಾರು ಮಾಡಿದ ದಿನವೇ ವಂಚಿಸುವ ಉದ್ದೇಶ ಇರಬೇಕು. ಒಂದೇ ಮನೆಯನ್ನು ಇಬ್ಬರಿಗೆ ಅಗ್ರಿಮೆಂಟ್ ಮಾಡಿಕೊಟ್ಟದ್ದು, ನಕಲಿ ದಾಖಲೆ, ಬ್ಯಾಂಕಿಗೆ ಅಡವಿಟ್ಟದ್ದನ್ನು ಮುಚ್ಚಿಟ್ಟದ್ದು, ಇಂಥದ್ದಿದ್ದರೆ ದೂರು ಕೊಡಿ, ತಡ ಮಾಡಬೇಡಿ. ಬೆಲೆ ಏರಿತೆಂದು ಮಾಲೀಕರು ಮನಸ್ಸು ಬದಲಿಸಿದ್ದಾರೆ ಅಷ್ಟೇ ಎಂದಾದರೆ ಅದು ಸಿವಿಲ್. ಸ್ಟೇಷನ್ನಿನಲ್ಲಿ ಒತ್ತಡ ಹಾಕಿಸಿ ಹಣ ವಸೂಲು ಮಾಡುವ ಆಟವನ್ನು ಹೈಕೋರ್ಟು ರದ್ದು ಮಾಡುತ್ತದೆ, ಅಷ್ಟರಲ್ಲಿ ನಿಮ್ಮ ಸಿವಿಲ್ ಗಡುವು ಕರಗಿರುತ್ತದೆ.

ಒಂದು ಕ್ರಿಮಿನಲ್ ಅಸ್ತ್ರ ಮಾತ್ರ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಅಡ್ವಾನ್ಸ್ ವಾಪಸಿಗೆ ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್. ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನ ಕಾಯುವುದು, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಅದಕ್ಕೇ ರಾಜಿ ಮಾತಾಡುವಾಗ ಬರೀ ಬಾಯಿಮಾತು ಬೇಡ, ಚೆಕ್ ಇಸಿದುಕೊಳ್ಳಿ. ಯಾವ ಕರಾರಿನ ಹಣ ಎಂದು ಒಂದು ಕಾಗದದಲ್ಲಿ ಬರೆಸಿ.

ಕೊಳ್ಳುವವರೇ ತಪ್ಪಿದಾಗ

ಸಾಲ ಸಿಗಲಿಲ್ಲ, ಕೆಲಸ ಹೋಯಿತು, ಹೀಗೆ ನೀವೇ ಹಿಂದೆ ಸರಿಯಬೇಕಾದರೆ? ಮುಂಗಡವನ್ನು ಮುಟ್ಟುಗೋಲು ಹಾಕುವ ಮಾತು ಕರಾರಿನಲ್ಲಿದ್ದರೆ ಮೇಲೆ ಹೇಳಿದ 20 ಲಕ್ಷದ ಕಥೆ ನಿಮಗೂ ಅನ್ವಯಿಸಬಹುದು. ಆದರೆ ಬೆಲೆಯ ಅರ್ಧ ಕೊಟ್ಟಿದ್ದರೆ ಅಷ್ಟನ್ನೂ ನುಂಗಲು ಬಿಡುವುದಿಲ್ಲ. ವ್ಯವಹಾರ ಖಚಿತಪಡಿಸಲು ಕೊಟ್ಟ ಮುಂಗಡ ಬೇರೆ, ಬೆಲೆಯ ಕಂತಾಗಿ ಕೊಟ್ಟ ಹಣ ಬೇರೆ ಎಂದು ಕೋರ್ಟುಗಳು ನೋಡುತ್ತವೆ. ಇಲ್ಲಿ ಕೋರ್ಟಿಗಿಂತ ಮಾತುಕತೆಯೇ ಒಳ್ಳೆಯದು. ‘ಇನ್ನೊಬ್ಬರಿಗೆ ಮಾರಿ, ಮಾರಿದ ಮೇಲೆ ಇಷ್ಟು ಹಿಡಿದುಕೊಂಡು ಉಳಿದದ್ದು ಕೊಡಿ’ ಎಂದರೆ ಒಪ್ಪುವ ಮಾಲೀಕರು ಬಹಳ ಇದ್ದಾರೆ, ಅವರಿಗೂ ಮನೆ ಕೋರ್ಟಿನಲ್ಲಿ ಸಿಕ್ಕಿಬೀಳುವುದು ಬೇಕಿಲ್ಲ.

ಮೊದಲ ನೋಟಿಸ್

ಯಾವ ದಾರಿ ಹಿಡಿದರೂ ಶುರುವಾಗುವುದು ಲೀಗಲ್ ನೋಟಿಸಿನಿಂದ. ಅದನ್ನು ಬೆದರಿಕೆಯ ಪತ್ರದಂತೆ ಬರೆಸಬೇಡಿ. ಮುಂದೆ ಅದೇ ನಿಮ್ಮ ಮೊದಲ ಸಾಕ್ಷಿ. ಮನೆ ಬೇಕಿದ್ದರೆ ಅದರಲ್ಲಿ ಬಾಕಿ ಎಷ್ಟು, ಅದು ಎಲ್ಲಿ ಸಿದ್ಧವಿದೆ, ಯಾವ ದಿನ ಎಷ್ಟು ಗಂಟೆಗೆ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬರುತ್ತೀರಿ ಎಂದು ಬರೆಯಿರಿ. ಆ ದಿನ ಡಿಡಿ ಹಿಡಿದು ನಿಜವಾಗಿಯೂ ಹೋಗಿ, ಹೋದದ್ದಕ್ಕೆ ಗುರುತು ಇಟ್ಟುಕೊಳ್ಳಿ. ಹಣ ಬೇಕಿದ್ದರೆ ಯಾವ ತಾರೀಕಿನಲ್ಲಿ ಎಷ್ಟು ಕೊಟ್ಟಿರಿ ಎಂಬ ಪಟ್ಟಿ, ಬಡ್ಡಿ, ಕೊಡಲು ಗಡುವು. ಬಿಲ್ಡರಿಗಾದರೆ 18ನೇ ಸೆಕ್ಷನ್ನಿನ ಎರಡು ಆಯ್ಕೆಯಲ್ಲಿ ಯಾವುದು ಎಂದು ಸ್ಪಷ್ಟವಾಗಿ. ಜಂಟಿ ಅಭಿವೃದ್ಧಿ ಯೋಜನೆಯಾಗಿದ್ದರೆ ಜಮೀನಿನ ಮಾಲೀಕರಿಗೂ ಒಂದು ಪ್ರತಿ ಕಳಿಸಿ. ಇಲ್ಲದಿದ್ದರೆ ನಾಳೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ.

ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಹಾಗಾಗಿ ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಕಳಿಸಿ. ಕರಾರಿನಲ್ಲಿರುವ ವಿಳಾಸಕ್ಕೂ, ಈಗ ಅವರಿರುವ ವಿಳಾಸಕ್ಕೂ. ‘ಮನೆಗೆ ಬೀಗ’ ಎಂದು ಲಕೋಟೆ ವಾಪಸ್ ಬಂದರೆ ಒಡೆಯಬೇಡಿ, ಹಾಗೆಯೇ ವಕೀಲರ ಕೈಗೆ ಕೊಡಿ.